ಮಾತು ಕೇಳದ ಕೂದಲಿಗೆ ಸರಿಯಾದ ಕಟಿಂಗ್: ಪದೇ ಪದೇ ಕೇಳುವ ಪ್ರಶ್ನೆಗಳು

ಗುಂಗುರು ಕೂದಲು, ಅಲೆಅಲೆಯಾದ ಕೂದಲು, ತೆಂಗಿನ ನಾರಿನಂತೆ ಒರಟಾದ ಕೂದಲು, ಬಾಚಿದಷ್ಟೂ ನೆತ್ತಿಯ ಮೇಲೆ ಎದ್ದು ನಿಲ್ಲುವ ಕೂದಲು ಇರುವವರಿಗಾಗಿ ಈ ಪುಟ. ಗಂಡಸರು, ಹೆಂಗಸರು, ಮಕ್ಕಳು ಎಲ್ಲರ ಪ್ರಶ್ನೆಗಳೂ ಇಲ್ಲಿವೆ. ನೇರವಾಗಿ, ನುಣುಪಾಗಿ ಬೀಳುವ ಕೂದಲಿನವರಿಗೆ ಇದರಲ್ಲಿ ಹೆಚ್ಚೇನೂ ಕೆಲಸವಿಲ್ಲ, ಅವರು ಪುಣ್ಯವಂತರು.

ಕುರ್ಚಿಯಿಂದ ಏಳುವಾಗ ಚೆನ್ನಾಗಿಯೇ ಇರುತ್ತದೆ. ಮನೆಗೆ ಬಂದು ತಲೆಸ್ನಾನ ಮಾಡಿದ ಕೂಡಲೇ ಯಾಕೆ ಹಾಳಾಗುತ್ತದೆ?

ಕತ್ತರಿಸುವಾಗ ಕೂದಲು ಒದ್ದೆಯಾಗಿತ್ತು, ಅದಕ್ಕೆ. ಬಾಟಲಿಯಿಂದ ನೀರು ಚಿಮುಕಿಸಿ, ಬಾಚಿ, ಎರಡು ಬೆರಳ ನಡುವೆ ಎಳೆದು ಹಿಡಿದು ಕತ್ತರಿಸುವುದು ಎಲ್ಲ ಅಂಗಡಿಗಳ ರೂಢಿ. ನೇರ ಕೂದಲಿಗೆ ಇದು ಸರಿ. ಆದರೆ ಕೂದಲಿನೊಳಗಿನ ಹೈಡ್ರೋಜನ್ ಬಂಧಗಳು ನೀರು ತಾಗಿದೊಡನೆ ಸಡಿಲವಾಗುತ್ತವೆ, ಆಗ ಎಳೆ ಹಿಗ್ಗುತ್ತದೆ, ಗುಂಗುರು ಬಿಚ್ಚಿಕೊಳ್ಳುತ್ತದೆ. ಒಣಗುವಾಗ ಆ ಬಂಧಗಳು ಮತ್ತೆ ಕೂಡಿಕೊಳ್ಳುತ್ತವೆ, ಎಳೆ ಸುರುಳಿಗೆ ವಾಪಸಾಗುತ್ತದೆ. ಒದ್ದೆಯಲ್ಲಿ 10 ಸೆಂ.ಮೀ. ಇದ್ದದ್ದು ಒಣಗಿದಾಗ 7 ಕಾಣಬಹುದು, ಬಿಗಿ ಗುಂಗುರಾದರೆ 5 ಕೂಡ ಕಾಣಬಹುದು.

ಗಿಡ್ಡವಾಗುವುದು ಅರ್ಧ ತೊಂದರೆ ಅಷ್ಟೇ. ಒಂದೇ ತಲೆಯಲ್ಲಿ ಎಲ್ಲ ಕಡೆಯ ಸುರುಳಿಯೂ ಒಂದೇ ಬಿಗಿ ಇರುವುದಿಲ್ಲ. ಕತ್ತಿನ ಹಿಂದೆ ಬಿಗಿ, ಹಣೆಯ ಮೇಲೆ ಸಡಿಲ, ಎಡಗಡೆ ಒಂದು ತರಹ, ಬಲಗಡೆ ಇನ್ನೊಂದು ತರಹ ಇರುವುದು ತೀರಾ ಸಾಮಾನ್ಯ. ಒದ್ದೆಯಲ್ಲಿ ಅಳತೆಪಟ್ಟಿ ಇಟ್ಟಂತೆ ಸಮ ಕತ್ತರಿಸಿದರೂ ಒಣಗಿದಾಗ ಒಂದೊಂದು ಕಡೆ ಒಂದೊಂದು ಉದ್ದಕ್ಕೆ ಏರಿ ಕೂರುತ್ತದೆ. ಕತ್ತರಿಸಿದವರ ಕೈ ಸರಿಯಾಗಿಯೇ ಇರುತ್ತದೆ, ಅಳತೆ ತೆಗೆದ ಹೊತ್ತು ತಪ್ಪಿರುತ್ತದೆ.

ನನ್ನ ಕೂದಲು ಯಾವ ಬಗೆಯದು ಎಂದು ತಿಳಿಯುವುದು ಹೇಗೆ?

ಎಣ್ಣೆ ಹಚ್ಚದೆ ತಲೆಸ್ನಾನ ಮಾಡಿ. ಟವೆಲ್ಲಿನಿಂದ ಉಜ್ಜದೆ, ಒತ್ತಿ ನೀರು ತೆಗೆಯಿರಿ. ಬಾಚಣಿಗೆ ಮುಟ್ಟದೆ, ಕೈಯನ್ನೂ ಆಡಿಸದೆ, ಗಾಳಿಗೆ ಪೂರ್ತಿ ಒಣಗಲು ಬಿಡಿ. ಆಮೇಲೆ ಕನ್ನಡಿಯಲ್ಲಿ ಏನು ಕಾಣುತ್ತದೋ ಅದೇ ನಿಮ್ಮ ಕೂದಲು. ದಿನಾ ಬಾಚಿ ಬಾಚಿ ‘ಒರಟು ಕೂದಲು’ ಎಂದುಕೊಂಡಿದ್ದವರಲ್ಲಿ ಎಷ್ಟೋ ಜನರದ್ದು ನಿಜವಾಗಿ ಅಲೆಗೂದಲು. ಒಣಗಿದ ಮೇಲೆ ಬಾಚಿದರೆ ಅಲೆಗಳು ಬಿಡಿಬಿಡಿಯಾಗಿ ಕೆದರುತ್ತವೆ, ಅಷ್ಟೇ.

ಸಲೂನುಗಳಲ್ಲಿ 2ಎ, 3ಬಿ ಎಂಬ ಲೆಕ್ಕ ಕೇಳಿರಬಹುದು. ಅಮೆರಿಕದ ಕೇಶವಿನ್ಯಾಸಕಾರ ಆಂಡ್ರೆ ವಾಕರ್ ಬಳಕೆಗೆ ತಂದ ವಿಂಗಡಣೆ ಅದು: 1 ನೇರ, 2 ಅಲೆ, 3 ಗುಂಗುರು, 4 ತೀರಾ ಬಿಗಿಯಾದ ಸುರುಳಿ. ಎ, ಬಿ, ಸಿ ಎಂದರೆ ಹೋಗುತ್ತಾ ಹೋಗುತ್ತಾ ಬಿಗಿ ಹೆಚ್ಚು. ಒಂದೇ ತಲೆಯಲ್ಲಿ ಎರಡು ಮೂರು ಬಗೆ ಸಿಗುವುದರಿಂದ ಈ ಅಂಕಿಗೆ ಬಹಳ ತಲೆ ಕೆಡಿಸಿಕೊಳ್ಳಬೇಕಿಲ್ಲ. ಕಟಿಂಗಿಗೆ ಇದಕ್ಕಿಂತ ಮುಖ್ಯವಾದದ್ದು ಎರಡು ವಿಷಯ: ಒಣಗಿದಾಗ ಎಷ್ಟು ಮೇಲೇರುತ್ತದೆ, ಬುಡದಿಂದ ಯಾವ ದಿಕ್ಕಿಗೆ ಬೆಳೆಯುತ್ತದೆ.

ಮೊದಲನೆಯದಕ್ಕೆ ಸ್ಕೇಲು ಸಾಕು. ಒಂದು ಒಣ ಎಳೆಗೊಂಚಲನ್ನು ಹಾಗೇ ಅಳೆಯಿರಿ, ಮತ್ತೆ ತುದಿ ಹಿಡಿದು ನೇರಕ್ಕೆ ಎಳೆದು ಅಳೆಯಿರಿ. ಹಣೆ, ನೆತ್ತಿ, ಕಿವಿಯ ಮೇಲೆ, ಕತ್ತಿನ ಹಿಂದೆ, ಈ ನಾಲ್ಕು ಕಡೆ ಅಳೆದರೆ ನಿಮ್ಮ ತಲೆಯ ನಕ್ಷೆ ಕೈಗೆ ಬಂದ ಹಾಗೆ. ಎರಡನೆಯದಕ್ಕೆ, ಒದ್ದೆ ಕೂದಲನ್ನು ಅಂಗೈಯಿಂದ ಮುಂದಕ್ಕೆ ಒತ್ತಿ ಬಿಡಿ. ಬುಡ ಯಾವ ಕಡೆಗೆ ಪುಟಿಯುತ್ತದೋ ಅದು ಬೆಳವಣಿಗೆಯ ದಿಕ್ಕು. ನೆತ್ತಿಯ ಹಿಂದಿನ ಸುಳಿಯನ್ನು ನೋಡಲು ಮನೆಯವರ ಕೈಗೆ ಫೋನು ಕೊಟ್ಟು ಮೇಲಿನಿಂದ ಒಂದು ಫೋಟೋ ತೆಗೆಸಿಕೊಳ್ಳಿ.

ನನಗೆ ಎರಡು ಸುಳಿ ಇದೆ. ಅಲ್ಲಿ ಕೂದಲು ಯಾವಾಗಲೂ ಎದ್ದು ನಿಲ್ಲುತ್ತದೆ. ಏನು ಮಾಡಬೇಕು?

ಎರಡು ಸುಳಿ ಇದ್ದರೆ ಎರಡು ಮದುವೆ ಎನ್ನುವ ಅಜ್ಜಿಯರ ಲೆಕ್ಕವನ್ನು ಪಕ್ಕಕ್ಕಿಡಿ. ಕಟಿಂಗ್ ಮಟ್ಟಿಗೆ ಎರಡು ಸುಳಿ ಎಂದರೆ ನಡುವೆ ಎರಡು ದಿಕ್ಕಿನ ಕೂದಲು ಡಿಕ್ಕಿ ಹೊಡೆಯುವ ಒಂದು ಸಾಲು. ಆ ಸಾಲಿನ ಕೂದಲಿಗೆ ಮಲಗಲು ಜಾಗವಿಲ್ಲ, ಅದಕ್ಕೇ ನಿಲ್ಲುತ್ತದೆ.

ದಾರಿ ಎರಡೇ. ಒಂದೋ, ತನ್ನ ಭಾರಕ್ಕೆ ತಾನೇ ಬಾಗುವಷ್ಟು ಉದ್ದ ಬಿಡಬೇಕು: ಸುಳಿಯ ಸುತ್ತ 5ರಿಂದ 6 ಸೆಂ.ಮೀ., ಅಂದರೆ ಮಿಕ್ಕ ನೆತ್ತಿಗಿಂತ ಒಂದೂವರೆ ಎರಡು ಸೆಂ.ಮೀ. ಜಾಸ್ತಿ. ಇಲ್ಲವೇ, ನಿಂತರೂ ಕಾಣದಷ್ಟು ಗಿಡ್ಡ, 6 ಮಿ.ಮೀ. ಒಳಗೆ ತೆಗೆಸಬೇಕು. ಇವೆರಡರ ನಡುವಿನ ಉದ್ದವೇ ಮುಳ್ಳಹಂದಿ ಉದ್ದ. ‘ನಿಲ್ಲುತ್ತದೆ, ಇನ್ನೂ ಸ್ವಲ್ಪ ತೆಗೀರಿ’ ಎಂದು ಜನ ಕೇಳಿ ಕೇಳಿ ಅಲ್ಲಿಗೇ ಹೋಗಿ ಸಿಕ್ಕಿಬೀಳುತ್ತಾರೆ.

ಮಷೀನು ಹಾಕಿಸುವವರು ಇನ್ನೊಂದನ್ನು ಗಮನಿಸಬೇಕು. ಬೆಳವಣಿಗೆಗೆ ಎದುರಾಗಿ ಓಡಿಸಿದ ಮಷೀನು ಪೂರ್ತಿ ಗಿಡ್ಡ ಮಾಡುತ್ತದೆ, ಜೊತೆಗೇ ಓಡಿಸಿದರೆ ಅದೇ ನಂಬರಿನಲ್ಲಿ ಕೊಂಚ ಉದ್ದ ಉಳಿಯುತ್ತದೆ. ಸುಳಿಯಲ್ಲಿ ದಿಕ್ಕು ಸುತ್ತುತ್ತಲೇ ಇರುವುದರಿಂದ ಹಿಂದಿನಿಂದ ಮುಂದಕ್ಕೆ ಒಂದೇ ನೇರದಲ್ಲಿ ಎಳೆದರೆ ತೇಪೆ ಹಾಕಿದಂತೆ ಕಾಣುತ್ತದೆ. ಸುಳಿಯ ಸುತ್ತ ಮಷೀನನ್ನೂ ಸುತ್ತಿಸಬೇಕು.

ಅಂಗಡಿಗೆ ಹೋಗುವ ಮೊದಲು ಎಣ್ಣೆ ಹಚ್ಚಬಹುದೇ?

ಬೇಡ. ಎಣ್ಣೆ ಹಚ್ಚಿದ ಕೂದಲು ಗುಂಪು ಗುಂಪಾಗಿ ಅಂಟಿ, ಇಲ್ಲದ ವಿಧೇಯತೆ ತೋರಿಸುತ್ತದೆ. ಮಷೀನಿನ ಹಲ್ಲಿಗೂ ಜಿಡ್ಡು ಕಟ್ಟಿ ಎಳೆಗಳು ತಪ್ಪಿಸಿಕೊಳ್ಳುತ್ತವೆ. ಹಿಂದಿನ ದಿನ ಅಥವಾ ಅದೇ ಬೆಳಿಗ್ಗೆ ತಲೆಸ್ನಾನ ಮಾಡಿ, ಜೆಲ್ ಹಾಕದೆ, ದಿನಾ ಹೇಗೆ ಒಣಗಿಸುತ್ತೀರೋ ಹಾಗೇ ಒಣಗಿಸಿಕೊಂಡು ಹೋಗಿ. ಹೆಲ್ಮೆಟ್ ಹಾಕಿಕೊಂಡು ಹೋದರೆ ಅಲ್ಲಿ ತಲುಪಿದ ಮೇಲೆ ಬೆರಳಿನಿಂದ ಬುಡ ಸಡಿಲಿಸಿ ಐದು ನಿಮಿಷ ಬಿಡಿ. ಅದುಮಿದ ಕೂದಲನ್ನು ನೋಡಿ ಯಾರಿಗೂ ಅಂದಾಜು ಸಿಗದು.

ಕುರ್ಚಿಯಲ್ಲಿ ಕೂತ ಮೇಲೆ ಏನು ಹೇಳಬೇಕು?

ಮೊದಲು, ಏನು ಹೇಳಬಾರದು ಎನ್ನುವುದು. ‘ಸ್ವಲ್ಪ’, ‘ಮೀಡಿಯಂ’, ‘ನೀಟಾಗಿ’, ಈ ಮೂರು ಮಾತು ಬೇಡ. ನಿಮ್ಮ ಸ್ವಲ್ಪವೇ ಬೇರೆ, ಅವರ ಸ್ವಲ್ಪವೇ ಬೇರೆ. ‘ಒಂದು ಇಂಚು’ ಎಂಬುದಕ್ಕೂ ಎರಡು ಅರ್ಥ: ಒಂದು ಇಂಚು ತೆಗೆಯುವುದೋ, ಒಂದು ಇಂಚು ಉಳಿಸುವುದೋ? ಯಾವಾಗಲೂ ‘ಉಳಿಸಿ’ ಎಂಬ ಮಾತಿನಲ್ಲೇ ಅಳತೆ ಹೇಳಿ, ಬೆರಳಿಟ್ಟು ತೋರಿಸಿ. ಎರಡು ಬೆರಳಗಲ ಎಂದರೆ ಹೆಚ್ಚು ಕಡಿಮೆ ಮೂರೂವರೆ ಸೆಂ.ಮೀ., ಮೂರು ಬೆರಳಗಲ ಎಂದರೆ ಐದು ಚಿಲ್ಲರೆ.

ಹೇಳಬೇಕಾದ್ದು ಇಷ್ಟು: ಪಕ್ಕಕ್ಕೆ ಮಷೀನೋ ಕತ್ತರಿಯೋ, ಮಷೀನಾದರೆ ಎಷ್ಟು ನಂಬರ್, ಮೇಲೆ ಒಣಗಿದ ಮೇಲೆ ಎಷ್ಟು ಉಳಿಯಬೇಕು, ಹಣೆಯ ಕೂದಲು ಎಲ್ಲಿಗೆ ಬರಬೇಕು, ಕತ್ತಿನ ಹಿಂದೆ ಗೆರೆಯೋ ಇಳಿಜಾರೋ, ಥಿನ್ನಿಂಗ್ (ಹಲ್ಲಿನ ಕತ್ತರಿಯಿಂದ ದಪ್ಪ ಇಳಿಸುವುದು) ಬೇಕೋ ಬೇಡವೋ. ಒಂದೇ ಉಸಿರಿಗೆ ಹೇಳುವುದಾದರೆ ಹೀಗಿರಲಿ: “ಅಣ್ಣ, ನಂದು ಗುಂಗುರು, ಒಣಗಿದ್ರೆ ಮೇಲೇರುತ್ತೆ. ಸೈಡಿಗೆ 4 ನಂಬರ್ ಹಾಕಿ, ಮೇಲೆ ಬರೀ ಕತ್ತರಿ. ಒದ್ದೆ ಇರೋವಾಗ ಮೂರು ಬೆರಳು ಉಳಿಸಿ, ಒಣಗಿಸಿ ನೋಡಿ ಆಮೇಲೆ ಬೇಕಾದ್ರೆ ತೆಗೆಯೋಣ. ಥಿನ್ನಿಂಗ್ ಬೇಡ.”

ಫೋಟೋ ತೋರಿಸುವುದು ಒಳ್ಳೆಯದೇ, ಆದರೆ ಫೋಟೋದಲ್ಲಿರುವ ಕೂದಲು ನಿಮ್ಮ ಬಗೆಯದೇ ಆಗಿರಬೇಕು. ನೇರ ಕೂದಲಿನ ಸಿನಿಮಾ ನಟರ ಫೋಟೋ ಹಿಡಿದು ಗುಂಗುರು ತಲೆ ಒಡ್ಡಿದರೆ ಕತ್ತರಿ ಹಿಡಿದವರಿಗೆ ಇಸ್ತ್ರಿ ಮಾಡುವುದೊಂದೇ ದಾರಿ. ಎಲ್ಲಕ್ಕಿಂತ ಒಳ್ಳೆಯ ಫೋಟೋ ಎಂದರೆ ಹಿಂದೆ ಎಂದೋ ಚೆನ್ನಾಗಿ ಬಂದಿದ್ದ ನಿಮ್ಮದೇ ಕಟಿಂಗಿನದು. ಮುಂದೆ, ಪಕ್ಕ, ಹಿಂದೆ, ಮೂರು ಕಡೆಯಿಂದ ತೆಗೆದಿಟ್ಟುಕೊಳ್ಳಿ.

ಕನ್ನಡಕ ಹಾಕುವವರು ಅದನ್ನು ಬಿಚ್ಚುವ ಮೊದಲೇ ಕಿವಿಯ ಪಕ್ಕದ ಉದ್ದ ತೋರಿಸಿ. ಬಿಚ್ಚಿದ ಮೇಲೆ ಏನು ನಡೆಯುತ್ತಿದೆ ಎಂದು ನಿಮಗೂ ಕಾಣದು, ಕನ್ನಡಕದ ಕಡ್ಡಿ ಎಲ್ಲಿ ಕೂರುತ್ತದೆ ಎಂದು ಅವರಿಗೂ ತಿಳಿಯದು.

ಮಷೀನಿನ ನಂಬರ್ ಎಂದರೆ ನಿಜವಾಗಿ ಎಷ್ಟು ಉದ್ದ?

ಒಂದೊಂದು ನಂಬರಿಗೆ ಇಂಚಿನ ಎಂಟನೇ ಒಂದು ಭಾಗ. 1 ಎಂದರೆ 3 ಮಿ.ಮೀ., 2 ಎಂದರೆ 6, 3 ಎಂದರೆ 10, 4 ಎಂದರೆ 13, 5ಕ್ಕೆ 16, 6ಕ್ಕೆ 19, 7ಕ್ಕೆ 22, 8ಕ್ಕೆ 25. ಮನೆಯಲ್ಲಿ ಬಳಸುವ ಟ್ರಿಮ್ಮರುಗಳಲ್ಲಿ ಹಲವಕ್ಕೆ ಈ ಲೆಕ್ಕವಿಲ್ಲ, ಅವುಗಳ ಮೇಲೆ ನೇರ ಮಿ.ಮೀ. ಅಂಕಿಯೇ ಇರುತ್ತದೆ. ಮನೆಯ ಟ್ರಿಮ್ಮರಿನ 3ನ್ನೂ ಅಂಗಡಿಯ 3ನ್ನೂ ಒಂದೇ ಎಂದುಕೊಂಡರೆ 7 ಮಿ.ಮೀ. ಮೋಸ ಹೋಗುತ್ತೀರಿ.

ಒರಟು ಕೂದಲಿನವರು ಗೊತ್ತಿಲ್ಲದ ಅಂಗಡಿಯಲ್ಲಿ ಬೇಕಾದ್ದಕ್ಕಿಂತ ಎರಡು ನಂಬರ್ ಮೇಲಿನಿಂದ ಶುರು ಮಾಡಿಸಿ. ಇಳಿಸುವುದು ಎರಡು ನಿಮಿಷದ ಕೆಲಸ, ಬೆಳೆಸಲು ತಿಂಗಳಿಗೆ ಸಿಗುವುದು ಒಂದು, ಒಂದೂಕಾಲು ಸೆಂ.ಮೀ. ಮಾತ್ರ.

‘ತುಂಬಾ ದಪ್ಪ ಇದೆ, ಥಿನ್ನಿಂಗ್ ಮಾಡ್ತೀನಿ’ ಎನ್ನುತ್ತಾರೆ. ಒಪ್ಪಬೇಕೇ?

ಮಾತು ಕೇಳದ ಕೂದಲಿಗೆ ಅತಿ ಹೆಚ್ಚು ಕೇಡು ಮಾಡುವುದು ಈ ಹಲ್ಲಿನ ಕತ್ತರಿ, ಅದರಲ್ಲೂ ಬುಡದ ಹತ್ತಿರ ಆಡಿಸಿದಾಗ. ಅದು ಒಮ್ಮೆ ಕಚ್ಚಿದಾಗ ಹಿಡಿಯಲ್ಲಿರುವ ಎಳೆಗಳಲ್ಲಿ ಒಂದಷ್ಟನ್ನು ಕತ್ತರಿಸಿ ಉಳಿದವನ್ನು ಬಿಡುತ್ತದೆ. ಆ ಕ್ಷಣಕ್ಕೆ ತಲೆ ಹಗುರ, ಕೂದಲು ಪಳಗಿದ ಹಾಗೆ ಕಾಣುತ್ತದೆ. ಎರಡು ಮೂರು ವಾರ ಕಳೆಯಲಿ: ಒಳಗೆ ಗಿಡ್ಡವಾಗಿ ಕತ್ತರಿಸಲ್ಪಟ್ಟ ನೂರಾರು ಎಳೆಗಳು ಸ್ಪ್ರಿಂಗಿನಂತೆ ನಿಂತು ಮೇಲಿನ ಉದ್ದ ಕೂದಲನ್ನು ಹೊರಕ್ಕೆ ತಳ್ಳುತ್ತವೆ. ಮೊದಲಿಗಿಂತ ಹೆಚ್ಚು ಉಬ್ಬುತ್ತದೆ. ಮತ್ತೆ ಹೋಗುತ್ತೀರಿ, ಮತ್ತೆ ಥಿನ್ನಿಂಗ್ ಆಗುತ್ತದೆ. ಇದು ಮುಗಿಯುವ ಕತೆಯಲ್ಲ.

ಗುಂಗುರಿಗೆ ಇನ್ನೊಂದು ನಷ್ಟವಿದೆ. ಪಕ್ಕಪಕ್ಕದ ಎಳೆಗಳು ಒಂದಕ್ಕೊಂದು ಸೇರಿ ಸುತ್ತಿಕೊಂಡಾಗಲೇ ಸುರುಳಿ ಚೆಂದ. ನಡುನಡುವೆ ಎಳೆ ಕಡಿದರೆ ಸುರುಳಿ ಒಡೆದು ಹತ್ತಿಯಂತೆ ಅರಳುತ್ತದೆ.

ಹಾಗೆಂದು ಎಂದೂ ಬೇಡ ಎನ್ನುವಂತಿಲ್ಲ. ನೇರವಾದ, ದಪ್ಪನೆಯ, ಒತ್ತಾದ ಕೂದಲಿಗೆ ತುದಿಯ ಮೂರನೇ ಒಂದು ಭಾಗದಲ್ಲಿ ಮಾತ್ರ, ಒಂದು ಹಿಡಿಗೆ ಒಂದೋ ಎರಡೋ ಸಲ ಹಾಕಿದರೆ ಅಂಚು ಮೆತ್ತಗಾಗುತ್ತದೆ. ನೆತ್ತಿಯಲ್ಲಿ, ಸುಳಿಯ ಸುತ್ತ, ಹಣೆಯ ಅಂಚಿನಲ್ಲಿ ಬೇಡವೇ ಬೇಡ. ಗುಂಗುರಿನಲ್ಲಿ ದಪ್ಪ ಇಳಿಸಬೇಕೆಂದರೆ ಮಾಮೂಲಿ ಕತ್ತರಿಯಿಂದಲೇ, ಒಳಪದರದ ಒಂದೊಂದು ಪೂರ್ತಿ ಸುರುಳಿಯನ್ನು ಗಿಡ್ಡ ಮಾಡುವ ಕ್ರಮವಿದೆ. ಸಮಯ ಹಿಡಿಯುತ್ತದೆ, ಅದಕ್ಕೇ ಜನಜಂಗುಳಿಯ ಭಾನುವಾರ ಯಾರೂ ಅದಕ್ಕೆ ಕೈ ಹಾಕುವುದಿಲ್ಲ.

ರೇಜರ್ ಕಟ್?

ಗುಂಗುರು ಮತ್ತು ಒರಟು ಕೂದಲಿಗೆ ಬೇಡ. ಬ್ಲೇಡು ಎಳೆಯನ್ನು ಓರೆಯಾಗಿ ಸೀಳಿ ತುದಿಯನ್ನು ಸವೆಸುತ್ತದೆ, ಸವೆದ ತುದಿ ಬೇಗ ಕವಲೊಡೆಯುತ್ತದೆ.

ಒಣ ಕೂದಲನ್ನೇ ಕತ್ತರಿಸಿ ಎಂದರೆ ನಮ್ಮ ಅಂಗಡಿಯಲ್ಲಿ ಒಪ್ಪುವುದಿಲ್ಲ.

ಅವರದ್ದೂ ತಪ್ಪಲ್ಲ. ಒಣ ಕೂದಲು ಕತ್ತರಿಯ ಬಾಯಲ್ಲಿ ಜಾರುತ್ತದೆ, ಕತ್ತರಿ ಹರಿತವಾಗಿರಲೇಬೇಕು, ಮೈಮೇಲೆಲ್ಲ ಪುಡಿ ಕೂದಲು ಹಾರುತ್ತದೆ, ಹೊತ್ತೂ ಹೆಚ್ಚು. ನಡುವಿನ ದಾರಿಯೊಂದಿದೆ. ಒದ್ದೆ ಮಾಡಿ ಆಕಾರಕ್ಕೆ ಬೇಕಾದಷ್ಟು ಮಾತ್ರ ಕತ್ತರಿಸಲಿ, ಬೇಕಾದ ಉದ್ದಕ್ಕಿಂತ ಎರಡು ಸೆಂ.ಮೀ. ಹೆಚ್ಚೇ ಉಳಿಯಲಿ. ಆಮೇಲೆ ಬಾಚದೆ ಡ್ರೈಯರಿನ ಸಣ್ಣ ಗಾಳಿಯಲ್ಲಿ ಒಣಗಿಸಿ, ಆಚೆ ಚಾಚಿದ ಸುರುಳಿಗಳನ್ನಷ್ಟೇ ಒಂದೊಂದಾಗಿ ಹಿಡಿದು ತುದಿ ಕತ್ತರಿಸಲಿ. ಇದಕ್ಕೆ ಹದಿನೈದು ನಿಮಿಷ ಜಾಸ್ತಿ ಬೇಕು. ಜನ ಕಾಯುತ್ತಿರುವಾಗ ಕೇಳಬೇಡಿ, ಆ ಹೊತ್ತಿನ ದುಡ್ಡನ್ನೂ ಸೇರಿಸಿ ಕೊಡಿ. ಒಬ್ಬರ ಕೈ ನಿಮ್ಮ ತಲೆಗೆ ಒಗ್ಗಿತೆಂದರೆ ಅಂಗಡಿ ಬದಲಾದರೂ ಕೈ ಬದಲಾಯಿಸಬೇಡಿ.

ಉದ್ದ ಗುಂಗುರು ಕೂದಲು ಕೆಳಗೆ ಅಗಲವಾಗಿ ತ್ರಿಕೋನದ ಹಾಗೆ ಕಾಣುತ್ತದೆ. ಯು ಕಟ್, ಸ್ಟೆಪ್ ಕಟ್, ಲೇಯರ್, ಯಾವುದು ಸರಿ?

ಒಂದೇ ಉದ್ದಕ್ಕೆ ಕತ್ತರಿಸಿದ ಗುಂಗುರಿನ ಹಣೆಬರಹವೇ ತ್ರಿಕೋನ. ನೆತ್ತಿಯ ಕೂದಲು ತನ್ನ ಭಾರಕ್ಕೆ ಚಪ್ಪಟೆಯಾಗುತ್ತದೆ, ತುದಿಗಳೆಲ್ಲ ಒಂದೇ ಮಟ್ಟದಲ್ಲಿ ಒಟ್ಟಿ ಹೊರಗೆ ಚಾಚುತ್ತವೆ. ಯು ಕಟ್, ವಿ ಕಟ್ ಎರಡೂ ಬೆನ್ನ ಮೇಲಿನ ಅಂಚಿನ ಆಕಾರ ಮಾತ್ರ. ಅವುಗಳಿಂದ ಭಾರ ಹಂಚಿಕೆಯಾಗುವುದಿಲ್ಲ. ಜಡೆ ಹಾಕುವವರಿಗೆ ಮಾತ್ರ ವಿ ಅಂಚಿನಿಂದ ಜಡೆಯ ತುದಿ ಚೂಪಾಗಿ ಬರುತ್ತದೆ ಎಂಬ ಲಾಭವಿದೆ.

ಸ್ಟೆಪ್ ಕಟ್ಟಿನಲ್ಲಿ ಮೆಟ್ಟಿಲುಗಳು ಬಿಡಿಬಿಡಿಯಾಗಿ ಇರುತ್ತವೆ. ಗುಂಗುರಿನಲ್ಲಿ ಮೇಲಿನ ಮೆಟ್ಟಿಲು ಉಬ್ಬಿ ಅಣಬೆಯಾಗುತ್ತದೆ, ಕೆಳಗೆ ಸಣ್ಣ ಬಾಲ ಉಳಿಯುತ್ತದೆ. ಬೇಕಾದ್ದು ಒಂದರೊಳಗೊಂದು ಸೇರಿಹೋಗುವ ಉದ್ದ ಲೇಯರು. “ಮೇಡಂ, ಎಲ್ಲಕ್ಕಿಂತ ಗಿಡ್ಡ ಲೇಯರ್ ಒಣಗಿದ ಮೇಲೂ ಗದ್ದಕ್ಕಿಂತ ಮೇಲೆ ಹೋಗಬಾರದು” ಎಂದು ಹೇಳಿ. ಒದ್ದೆಯಲ್ಲಿ ಕತ್ತರಿಸುವಾಗ ಅಲೆಗೂದಲಾದರೆ ಗದ್ದದಿಂದ ಕೆಳಗೆ, ಬಿಗಿ ಗುಂಗುರಾದರೆ ಇನ್ನೂ ಸಾಕಷ್ಟು ಕೆಳಗೆ ಕತ್ತರಿಸಬೇಕು. ನಿಮ್ಮ ಅಳತೆ ಮೊದಲೇ ತಿಳಿದಿದ್ದರೆ ಈ ಲೆಕ್ಕ ಇನ್ನೂ ಸಲೀಸು.

ವಾರದಲ್ಲಿ ನಾಲ್ಕು ದಿನ ಜಡೆ ಅಥವಾ ತುರುಬು ಕಟ್ಟುವವರು ಲೇಯರ್ ಹೆಚ್ಚು ಮಾಡಿಸಬೇಡಿ. ಗಿಡ್ಡ ಪದರ ಜಡೆಯಿಂದ ನುಣುಚಿ ಅದರುದ್ದಕ್ಕೂ ಮುಳ್ಳಿನ ಹಾಗೆ ನಿಲ್ಲುತ್ತದೆ.

ಹಣೆಯ ಮೇಲೆ ಮುಂಗುರುಳು ಬಿಡಿಸಬೇಕೆಂದಿದ್ದೇನೆ.

ಬಿಡಿಸಿ, ಆದರೆ ಪೂರ್ತಿ ಒಣಗಿದ ಮೇಲೆ ಕೊನೆಗೆ ಕತ್ತರಿಸಬೇಕು. ಮೊದಲು ಮೂಗಿನ ತುದಿಯ ಮಟ್ಟಕ್ಕೆ ನಿಲ್ಲಿಸಿ ನೋಡಿ. ಒದ್ದೆಯಲ್ಲಿ ಹುಬ್ಬಿನ ಮಟ್ಟಕ್ಕೆ ಕತ್ತರಿಸಿದ ಗುಂಗುರು ಒಣಗಿದಾಗ ಹಣೆಯ ನಡುವೆ ಹೋಗಿ ನಿಲ್ಲುತ್ತದೆ, ಅದು ಕಣ್ಣಿಗೆ ಬರಲು ಮೂರು ತಿಂಗಳು ಬೇಕು. ಹಣೆಯ ಅಂಚಿನಲ್ಲೇ ಸುಳಿ ಇದ್ದರೆ ನೇರ ಕೆಳಗೆ ಬೀಳಿಸುವ ಆಸೆ ಬಿಡಿ. ಸುಳಿ ತಿರುಗುವ ಕಡೆಗೇ ಬೈತಲೆ ತೆಗೆದು ಪಕ್ಕಕ್ಕೆ ಹರಿಯಲು ಬಿಡಿ.

ನನ್ನದು ಗುಂಗುರಲ್ಲ, ನೇರ. ಆದರೆ ಕಿವಿಯ ಮೇಲೆ ಕಡ್ಡಿಯ ಹಾಗೆ ಹೊರಗೆ ಚಾಚುತ್ತದೆ.

ದಪ್ಪ ಎಳೆಯ ನೇರ ಕೂದಲು ಎರಡರಿಂದ ನಾಲ್ಕು ಸೆಂ.ಮೀ. ಉದ್ದದಲ್ಲಿ ಬಾಗುವುದೇ ಇಲ್ಲ. ತಲೆ ಹೊರಗೆ ತಿರುಗುವ ಜಾಗದಲ್ಲಿ, ಅಂದರೆ ಕಿವಿಯ ಮೇಲಿನ ಉಬ್ಬಿನಲ್ಲಿ, ಅದು ನೇರ ಹೊರಕ್ಕೆ ಬೆಳೆಯುತ್ತದೆ. ಪಕ್ಕಕ್ಕೆ 2 ಅಥವಾ 3 ನಂಬರ್ ಹಾಕಿಸಿ, ಮೇಲಕ್ಕೆ ಹೋದಂತೆ ಬಾಚಣಿಗೆಯ ಮೇಲೆ ಕತ್ತರಿ ಆಡಿಸಿ ಸೇರಿಸುವುದು ಸುಲಭದ ದಾರಿ. ಇಲ್ಲವೇ ಕಿವಿಯ ಹಿಂದೆ ಸಿಕ್ಕಿಸುವಷ್ಟು ಬೆಳೆಸಿ. ಅಷ್ಟು ಬೆಳೆಯುವವರೆಗೆ ಟೋಪಿಯೇ ಗತಿ.

ಕತ್ತಿನ ಹಿಂದೆ ಗೆರೆ ಚೌಕವಾಗಿ ತೆಗೆಯಬೇಕೋ, ಇಳಿಜಾರೋ?

ಕತ್ತಿನ ಕೂದಲು ಮೇಲ್ಮುಖವಾಗಿ ಅಥವಾ ಒಂದು ಪಕ್ಕಕ್ಕೆ ಬೆಳೆಯುವವರಿಗೆ ಇಳಿಜಾರೇ ಸರಿ. ಚೌಕ ಗೆರೆ ವಾರದೊಳಗೆ ಅಳಿಸಿಹೋಗಿ ಗಲೀಜು ಕಾಣುತ್ತದೆ, ಇಳಿಜಾರು ಬೆಳೆದರೂ ಗೊತ್ತಾಗುವುದಿಲ್ಲ.

ತಲೆ ಬೋಳಿಸಿದರೆ ಕೂದಲು ಬದಲಾಗುತ್ತದೆಯೇ? ಮುಡಿ ಕೊಟ್ಟು ಬಂದ ಮೇಲೆ ಬೆಳೆಯುವ ಕೂದಲನ್ನು ಹೇಗೆ ನಿಭಾಯಿಸುವುದು?

ಬದಲಾಗುವುದಿಲ್ಲ. ಎಳೆಯ ಆಕಾರ ತೀರ್ಮಾನವಾಗುವುದು ಚರ್ಮದೊಳಗಿನ ಬುಡದಲ್ಲಿ, ಬ್ಲೇಡು ಅಲ್ಲಿಗೆ ಮುಟ್ಟುವುದೇ ಇಲ್ಲ. ಹೊಸ ಕೂದಲು ದಪ್ಪ ಅನ್ನಿಸುವುದು ತುದಿ ಮೊಂಡಾಗಿರುವುದರಿಂದ. ಚಿಕ್ಕ ಮಕ್ಕಳ ಕೂದಲು ಚೌಲದ ನಂತರ ಬದಲಾದಂತೆ ಕಂಡರೆ ಅದು ವಯಸ್ಸಿನ ಜೊತೆ ಹೇಗೂ ಆಗುವ ಬದಲಾವಣೆ.

ತಿರುಪತಿಗೋ ನಂಜನಗೂಡಿಗೋ ಹೋಗಿ ಮುಡಿ ಕೊಟ್ಟು ಬಂದವರಿಗೆ ಮೊದಲ ತಿಂಗಳು ತೊಂದರೆ ಇಲ್ಲ. ಎರಡನೇ ತಿಂಗಳಿಂದ ನಾಲ್ಕನೆಯದರವರೆಗೆ ಕೂದಲು ಎರಡರಿಂದ ಐದು ಸೆಂ.ಮೀ. ಇರುತ್ತದೆ, ಮುಳ್ಳಹಂದಿ ಕಾಲ ಅದೇ. ಆಗ ಮೇಲ್ಭಾಗ ಮುಟ್ಟಿಸದೆ ಕಿವಿಯ ಸುತ್ತ ಮತ್ತು ಕತ್ತಿನ ಹಿಂದೆ ಮಾತ್ರ 2 ಅಥವಾ 3 ನಂಬರಿನಲ್ಲಿ ಮೂರು ನಾಲ್ಕು ವಾರಕ್ಕೊಮ್ಮೆ ತೆಗೆಸಿ. ಎಲ್ಲವನ್ನೂ ಒಟ್ಟಿಗೆ ಬೆಳೆಯಲು ಬಿಟ್ಟರೆ ತಲೆ ಕದಂಬದ ಹೂವಿನ ಹಾಗೆ ಉರುಟಾಗುತ್ತದೆ. ಹೆಂಗಸರಿಗೂ ಇದೇ ಕ್ರಮ. ಹಿಂದಿನ ಕೂದಲನ್ನು ಎರಡು ಮೂರು ಸಲ ಗಿಡ್ಡ ಮಾಡಿಸಿದರೆ ಮುಂದಿನದು ಅದನ್ನು ಹಿಡಿಯುತ್ತದೆ.

ಸ್ಮೂದನಿಂಗ್, ಕೆರಟಿನ್ ಮಾಡಿಸಿಬಿಟ್ಟರೆ ಕಟಿಂಗ್ ತಲೆನೋವೇ ಇರುವುದಿಲ್ಲವಲ್ಲ?

ತಲೆನೋವು ಮುಂದಕ್ಕೆ ಹೋಗುತ್ತದೆ. ಕೆರಟಿನ್ ಎಂದು ಕರೆಯುವ ಲೇಪ ಕೆಲವು ತಿಂಗಳಿಗೆ ತೊಳೆದುಹೋಗುತ್ತದೆ. ರೀಬಾಂಡಿಂಗ್, ಅಂದರೆ ರಾಸಾಯನಿಕ ಹಾಕಿ ನೇರಗೊಳಿಸುವುದನ್ನು ಮಾಡಿದ ಭಾಗ ಶಾಶ್ವತವಾಗಿ ನೇರ, ಆದರೆ ಬುಡದಿಂದ ಬರುವ ಹೊಸ ಕೂದಲು ತನ್ನ ಗುಂಗುರಿನಲ್ಲೇ ಬರುತ್ತದೆ. ಆರು ತಿಂಗಳಿಗೆ ಏಳು ಸೆಂ.ಮೀ. ಗುಂಗುರು, ಕೆಳಗೆ ಪೊರಕೆ ಕಡ್ಡಿ. ಎರಡೂ ಸೇರುವ ಜಾಗದಲ್ಲೇ ಕೂದಲು ಮುರಿಯುವುದು ಹೆಚ್ಚು.

ಆರೋಗ್ಯದ ವಿಚಾರವೂ ಇದೆ. ಇಂಥ ಲೇಪಗಳಲ್ಲಿ ಕೆಲವು ಬಿಸಿ ತಾಗಿದಾಗ ಫಾರ್ಮಾಲ್ಡಿಹೈಡ್ ಬಿಡುತ್ತವೆ, ಅದು ಕ್ಯಾನ್ಸರ್‌ಕಾರಕ. ಫಾರ್ಮಾಲ್ಡಿಹೈಡ್ ಇಲ್ಲ ಎಂದು ಮಾರುವ ಕೆಲವದರಲ್ಲಿ ಗ್ಲೈಆಕ್ಸಿಲಿಕ್ ಆಮ್ಲ ಇರುತ್ತದೆ, ಅದನ್ನು ಹಾಕಿಸಿಕೊಂಡವರಲ್ಲಿ ಕಿಡ್ನಿಗೆ ಹಠಾತ್ ತೊಂದರೆಯಾದದ್ದನ್ನು ವೈದ್ಯರು ದಾಖಲಿಸಿದ್ದಾರೆ. ಬಾಟಲಿ ನೋಡದೆ ತಲೆ ಒಡ್ಡಬೇಡಿ. ಗರ್ಭಿಣಿಯರು ದೂರವೇ ಇರಲಿ.

ಊರು ಬದಲಾದ ಮೇಲೆ ಕೂದಲು ಕೆಟ್ಟಿತು. ನೀರಿನದ್ದೇ ತಪ್ಪೇ?

ಅರ್ಧ ಹೌದು. ಬೆಂಗಳೂರಿನ ಬೋರ್‌ವೆಲ್ ಮತ್ತು ಟ್ಯಾಂಕರ್ ನೀರು ಸಾಮಾನ್ಯವಾಗಿ ಗಡಸು. ಅದರ ಕ್ಯಾಲ್ಸಿಯಂ, ಮೆಗ್ನೀಷಿಯಂ ಎಳೆಯ ಮೇಲೆ ಕೂತು ಒರಟು ಮಾಡುತ್ತವೆ. ಬಕೆಟ್ಟಿನ ಅಂಚಿಗೆ ಬಿಳಿ ಪದರ ಕಟ್ಟಿದ್ದರೆ ತಲೆಗೂ ಕಟ್ಟುತ್ತಿದೆ ಎಂದೇ ಲೆಕ್ಕ. ಸೋಪು ತಲೆಗೆ ಬೇಡವೇ ಬೇಡ, ಗಡಸು ನೀರಿನಲ್ಲಿ ಅದು ಜಿಗುಟಾಗಿ ಉಳಿಯುತ್ತದೆ. ಕೊನೆಯ ಜಾಲಾಟಕ್ಕೆ ಒಂದು ಲೀಟರ್ ನೀರಿಗೆ ಒಂದು ದೊಡ್ಡ ಚಮಚ ವಿನೆಗರ್ ಅಥವಾ ಸೋಸಿದ ನಿಂಬೆರಸ ಹಾಕಿ ವಾರಕ್ಕೊಮ್ಮೆ ಸುರಿದುಕೊಳ್ಳಿ, ಕಣ್ಣು ಜೋಪಾನ. ಕಟಿಂಗಿನ ಹಿಂದಿನ ದಿನ ಹೀಗೆ ಮಾಡಿದರೆ ಕೂದಲಿನ ನಿಜವಾದ ಬಾಗು ಕತ್ತರಿಗೆ ಸಿಗುತ್ತದೆ.

ಮಂಗಳೂರು, ಉಡುಪಿ ಕಡೆ ನೀರಿಗಿಂತ ಗಾಳಿಯೇ ಕಾರಣ. ಗಾಳಿಯ ತೇವ ಎಳೆಯೊಳಗೆ ಇಳಿದು, ಬಾಚಿ ನೇರ ಮಾಡಿದ್ದನ್ನು ಅರ್ಧ ಗಂಟೆಯಲ್ಲಿ ಬಿಚ್ಚಿಬಿಡುತ್ತದೆ. ಕರಾವಳಿಯಲ್ಲಿ ಇರುವವರು ನೇರಗೊಳಿಸಿ ಇಟ್ಟರಷ್ಟೇ ಚೆಂದ ಕಾಣುವ ಕಟಿಂಗ್ ಮಾಡಿಸಬೇಡಿ. ಕಲಬುರಗಿ, ಬಳ್ಳಾರಿಯ ಒಣ ಸೆಕೆಯಲ್ಲಿ ಅದೇ ಕೂದಲು ಉಬ್ಬುವುದು ಕಡಿಮೆ, ತುದಿ ಸೀಳುವುದು ಹೆಚ್ಚು.

ಕಟಿಂಗ್ ಆದ ಮೇಲೆ ದಿನಾ ಏನು ಮಾಡಬೇಕು?

ಒದ್ದೆ ಇರುವಾಗಲೇ ಅಗಲ ಹಲ್ಲಿನ ಬಾಚಣಿಗೆಯಿಂದ ತುದಿಯಿಂದ ಶುರು ಮಾಡಿ ಸಿಕ್ಕು ಬಿಡಿಸಿ. ಒಣಗಿದ ಗುಂಗುರಿಗೆ ಬಾಚಣಿಗೆ ಹಾಕಬೇಡಿ. ಟವೆಲ್ಲಿನ ಬದಲು ಹಳೆಯ ಹತ್ತಿ ಬನಿಯನ್ ಅಥವಾ ಪಂಚೆಯಿಂದ ಒತ್ತಿ.

ಹಿಡಿತಕ್ಕೆ ಅಗಸೆ ಬೀಜದ ಲೋಳೆ ಸಾಕು, ಖರ್ಚೂ ಇಲ್ಲ. ಎರಡು ದೊಡ್ಡ ಚಮಚ ಅಗಸೆಗೆ ಎರಡು ಲೋಟ, ಅಂದರೆ 400 ಮಿ.ಲೀ. ನೀರು. ಕೈಯಾಡಿಸುತ್ತಾ ಸಣ್ಣ ಉರಿಯಲ್ಲಿ ಕುದಿಸಿ. ಏಳೆಂಟು ನಿಮಿಷಕ್ಕೆ ಮೊಟ್ಟೆಯ ಬಿಳಿಯ ಹದಕ್ಕೆ ಬರುತ್ತದೆ. ಬಿಸಿಯಿರುವಾಗಲೇ ತೆಳು ಬಟ್ಟೆಯಲ್ಲಿ ಸೋಸಿ, ಆರಿದರೆ ಸೋಸಲಾಗದು. ಫ್ರಿಜ್ಜಿನಲ್ಲಿ ಒಂದು ವಾರ ಇರುತ್ತದೆ, ವಾಸನೆ ಬಂದರೆ ಚೆಲ್ಲಿ. ಗಿಡ್ಡ ಕೂದಲಿಗೆ ಒಂದು ಚಮಚ, ಹೆಗಲುದ್ದಕ್ಕೆ ಎರಡು ಮೂರು, ಒದ್ದೆ ಕೂದಲಿಗೆ ಸವರಿ ಮುಷ್ಟಿಯಲ್ಲಿ ಹಿಂಡಿ ಬಿಡಿ. ಒಣಗಿದಾಗ ಗರಿಗರಿ ಅನ್ನಿಸಿದರೆ ಎರಡು ಹನಿ ಕೊಬ್ಬರಿ ಎಣ್ಣೆ ಅಂಗೈಗೆ ಉಜ್ಜಿ ಮತ್ತೆ ಹಿಂಡಿ. ಮಲೆನಾಡಿನಲ್ಲಿ ದಾಸವಾಳದ ಎಲೆ, ಮತ್ತಿ ಎಲೆ ಕಿವುಚಿ ತೆಗೆಯುವ ಲೋಳೆ ತಲೆ ತೊಳೆಯಲು ಚೆನ್ನ, ಆದರೆ ಹಾಗೇ ಬಿಟ್ಟು ಒಣಗಿಸಿದರೆ ಪುಡಿ ಉದುರುತ್ತದೆ.

ಸುಳಿಯ ಕೂದಲಿಗೆ ಸ್ನಾನದ ನಂತರದ ಮೊದಲ ಐದು ನಿಮಿಷವೇ ಅವಕಾಶ. ಬುಡ ಒದ್ದೆ ಇರುವಾಗ ಬೆರಳಿಂದ ಒಮ್ಮೆ ಎಡಕ್ಕೆ, ಒಮ್ಮೆ ಬಲಕ್ಕೆ ಒತ್ತುತ್ತಾ ಒಣಗಿಸಿ. ಒಣಗಿದ ಮೇಲೆ ಎಷ್ಟು ಬಾಚಿದರೂ ಅಷ್ಟೇ.

ಎಷ್ಟು ದಿನಕ್ಕೊಮ್ಮೆ? ಯಾವ ದಿನ ಹೋಗಬೇಕು?

ಪಕ್ಕಕ್ಕೆ ಮಷೀನು ಹಾಕಿಸುವವರು ಮೂರು ನಾಲ್ಕು ವಾರ, ಕತ್ತರಿಯ ಕ್ರಾಪಿಗೆ ಐದಾರು ವಾರ, ಉದ್ದ ಗುಂಗುರಿಗೆ ಮೂರು ನಾಲ್ಕು ತಿಂಗಳು. ಕರ್ನಾಟಕದ ಹೆಚ್ಚಿನ ಕ್ಷೌರದಂಗಡಿಗಳಿಗೆ ಮಂಗಳವಾರ ರಜೆ, ಭಾನುವಾರ ನೂಕುನುಗ್ಗಲು. ಬುಧವಾರ, ಗುರುವಾರದ ಬೆಳಿಗ್ಗೆ ಅಥವಾ ಮಧ್ಯಾಹ್ನ ಹೋದರೆ ನಿಮ್ಮ ತಲೆಗೆ ಬೇಕಾದ ಹೊತ್ತು ಸಿಗುತ್ತದೆ.

ಚಿಕ್ಕ ಮಕ್ಕಳಿಗೆ?

ಮಗು ಅಲುಗಾಡುವುದರಿಂದ ಮಷೀನೇ ಹಾಕುತ್ತಾರೆ. ಗುಂಗುರು ಮಗುವಿಗೆ 6ರಿಂದ 8 ನಂಬರ್ ಸಾಕು, ಅದಕ್ಕಿಂತ ಇಳಿದರೆ ಅಲ್ಲಲ್ಲಿ ಬೋಳು ಕಂಡಂತಾಗುತ್ತದೆ. ನಿದ್ದೆ, ಹಸಿವಿನ ಹೊತ್ತು ತಪ್ಪಿಸಿ. ಮಷೀನಿನ ಸದ್ದಿಗೆ ಹೆದರುವ ಮಗುವಿಗೆ ಮೊದಲು ಅಂಗೈಗೆ ಮುಟ್ಟಿಸಿ ತೋರಿಸಲಿ.

ಕ್ಲೀನ್ ಬಗ್ಗೆ ಏನು ಗಮನಿಸಬೇಕು? ಕೊನೆಗೆ ಕುತ್ತಿಗೆ ಲಟಕ್ ಅನ್ನಿಸುತ್ತಾರಲ್ಲ, ಅದು?

ಬ್ಲೇಡು ನಿಮ್ಮ ಕಣ್ಣೆದುರೇ ಹೊಸದಾಗಿ ಬಿಚ್ಚಲಿ. ಹಳೆ ಬ್ಲೇಡಿನಿಂದ ಹೆಪಟೈಟಿಸ್ ಬಿ ಮತ್ತು ಸಿ ಹರಡಬಲ್ಲವು. ತೊಳೆಯದ ಮಷೀನು, ಬಾಚಣಿಗೆ, ಟವೆಲ್ಲುಗಳಿಂದ ತಲೆಗೆ ಹುಳುಕಡ್ಡಿ ಅಂಟುತ್ತದೆ. ಬೇಕಿದ್ದರೆ ನಿಮ್ಮದೇ ಬಾಚಣಿಗೆ, ಟವೆಲ್ ಒಯ್ಯಿರಿ, ಯಾರೂ ಬೇಜಾರು ಮಾಡಿಕೊಳ್ಳುವುದಿಲ್ಲ.

ಕುತ್ತಿಗೆ ತಿರುವಿ ಲಟಕ್ ಅನ್ನಿಸುವುದನ್ನು ಖಡಾಖಂಡಿತ ಬೇಡ ಎನ್ನಿ. ಹಠಾತ್ತನೆ ತಿರುವಿದಾಗ ಮಿದುಳಿಗೆ ಹೋಗುವ ರಕ್ತನಾಳದ ಒಳಗೋಡೆ ಹರಿದು ಪಾರ್ಶ್ವವಾಯು ಆಗುವ ಅಪಾಯವಿದೆ. ತಲೆ ಮಸಾಜು ಮಾಡಿಸಿಕೊಳ್ಳಿ, ಕುತ್ತಿಗೆ ಕೊಡಬೇಡಿ.

ವಿದೇಶದಲ್ಲಿದ್ದೇನೆ. ಇಲ್ಲಿಯವರಿಗೆ ನನ್ನ ಕೂದಲು ಅರ್ಥವಾಗುವುದಿಲ್ಲ.

ಮಷೀನಿನ ನಂಬರ್ ಲೆಕ್ಕ ಅಮೆರಿಕ, ಇಂಗ್ಲೆಂಡಿನಲ್ಲೂ ಇದೇ, ಅದನ್ನು ಧೈರ್ಯವಾಗಿ ಹೇಳಿ. ಗುಂಗುರು ಇದ್ದರೆ ಕರ್ಲಿ ಕಟ್ ಅಥವಾ ಡ್ರೈ ಕಟ್ ಮಾಡುವವರು ಇದ್ದಾರೆಯೇ ಎಂದು ಫೋನಿನಲ್ಲೇ ಕೇಳಿ ಹೊತ್ತು ಗೊತ್ತು ಮಾಡಿಕೊಳ್ಳಿ. ಚಳಿಗಾಲದಲ್ಲಿ ಹೀಟರಿನ ಒಣ ಗಾಳಿಗೆ ಕೂದಲು ವಿದ್ಯುತ್ ಹಿಡಿದಂತೆ ಎದ್ದರೆ ಅದು ಕಟಿಂಗಿನ ದೋಷವಲ್ಲ, ಎರಡು ಹನಿ ಎಣ್ಣೆ ಸವರಿದರೆ ಕೂರುತ್ತದೆ.

ಎಲ್ಲ ಹೇಳಿದರೂ ಕೆಟ್ಟುಹೋಯಿತು. ಈಗ?

ಅಂದೇ ಮತ್ತೆ ಕತ್ತರಿಸಿಕೊಳ್ಳಬೇಡಿ. ಎರಡು ತಲೆಸ್ನಾನ ಆಗುವವರೆಗೆ, ನಾಲ್ಕೈದು ದಿನ ಬಿಡಿ. ಕೂದಲು ತನ್ನ ಜಾಗಕ್ಕೆ ಕೂತ ಮೇಲೆಯೇ ನಿಜವಾಗಿ ಎಲ್ಲಿ ಕೆಟ್ಟಿದೆ ಎಂದು ಕಾಣುವುದು. ಒಂದು ಪಕ್ಕ ಉದ್ದ ಉಳಿದಿದ್ದರೆ ಅದೇ ಅಂಗಡಿಗೆ ಹೋಗಿ ಜಾಗ ತೋರಿಸಿ, ಹೆಚ್ಚಿನವರು ದುಡ್ಡು ಕೇಳದೆ ಸರಿ ಮಾಡಿಕೊಡುತ್ತಾರೆ. ಪಕ್ಕ ಅತಿ ಗಿಡ್ಡವಾಗಿ ಮೇಲೆ ಕೊಡೆಯಂತೆ ಕಂಡರೆ ಮೇಲಿನದನ್ನು ಕಡಿಮೆ ಮಾಡಿಸಬೇಡಿ, ಹತ್ತು ದಿನದಲ್ಲಿ ಪಕ್ಕದ್ದು ನಾಲ್ಕು ಮಿ.ಮೀ. ಬಂದು ಅಂತರ ಮೆತ್ತಗಾಗುತ್ತದೆ. ಥಿನ್ನಿಂಗಿನಿಂದ ಕೆಟ್ಟಿದ್ದರೆ ಮಾತ್ರ ಕಾಯುವುದು ದೀರ್ಘ: ಒಳಗಿನ ಗಿಡ್ಡ ಎಳೆಗಳು ಐದು ಸೆಂ.ಮೀ. ದಾಟಲು ನಾಲ್ಕು ತಿಂಗಳು. ಅಷ್ಟರವರೆಗೆ ಪ್ರತಿ ಸಲವೂ ಕೂರುವ ಮೊದಲೇ ಹಲ್ಲಿನ ಕತ್ತರಿಯನ್ನು ಪಕ್ಕಕ್ಕಿಡಲು ಹೇಳಿ, ಅಂಚು ಮಾತ್ರ ಸರಿ ಮಾಡಿಸಿಕೊಂಡು ಬನ್ನಿ.